ಸಿಲೋನಿನ ಮತಪಟ್ಟಿ ಮತ್ತು ನಮ್ಮ ಶಾಲೆಯ ಮಕ್ಕಳು

ನಮ್ಮ ಶಾಲೆಯ ಆರಂಭದ ವರ್ಷಗಳ ದಾಖಲಾತಿ ಪುಸ್ತಕ ತೆರೆದರೆ 'ಹುಟ್ಟಿದ ಸ್ಥಳ' ಎಂಬ ಅಂಕಣದಲ್ಲಿ ನಡುನಡುವೆ ಕೆಲವು ಅಪರಿಚಿತ ಊರುಗಳು ಕಾಣುತ್ತವೆ: ಹ್ಯಾಟನ್, ನುವಾರ ಎಲಿಯ, ಬದುಲ್ಲ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ಕೆಲಸಕ್ಕೆ ಬಂದವರ ಮಕ್ಕಳು ಇವರು. ಊರಿನವರು ಅವರನ್ನು 'ಸಿಲೋನಿನವರು' ಎಂದು ಕರೆದರು. ಇಂದಿಗೂ ಹಾಗೆಯೇ ಕರೆಯುತ್ತಾರೆ. ಸಮಾಜ ಪಾಠ ಹೇಳುತ್ತಿದ್ದ ನನ್ನನ್ನು ಮಕ್ಕಳು ಒಂದಲ್ಲ ಒಂದು ವರ್ಷ ಕೇಳಿಯೇ ಕೇಳುತ್ತಿದ್ದರು: "ಸರ್, ಇವರು ತಮಿಳು ಮಾತಾಡುತ್ತಾರೆ, ಸಿಲೋನಿನವರು ಅನ್ನುತ್ತಾರೆ, ಇಲ್ಲಿಗೆ ಯಾಕೆ ಬಂದರು?" ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ ಎಂದು ಸಮಿತಿಯವರು ಹೇಳಿದಾಗ ಆ ಉತ್ತರವನ್ನೇ ಬರೆಯೋಣ ಎನಿಸಿತು.

ಸಿಲೋನ್ 1948ರ ಫೆಬ್ರವರಿ 4ರಂದು ಸ್ವತಂತ್ರವಾಯಿತು. ಆದರೆ ಗಣರಾಜ್ಯವಾಗಲಿಲ್ಲ, 'ಡೊಮಿನಿಯನ್' ಆಯಿತು. ಆಡಳಿತವೆಲ್ಲ ತಮ್ಮದೇ, ಸಂಸತ್ತು ತಮ್ಮದೇ, ಪ್ರಧಾನಿ ತಮ್ಮವರೇ. ಆದರೆ ದೇಶದ ಮುಖ್ಯಸ್ಥನ ಸ್ಥಾನದಲ್ಲಿ ಬ್ರಿಟನ್ನಿನ ರಾಜ, ಅವನ ಪರವಾಗಿ ಕೊಲಂಬೊದಲ್ಲಿ ಒಬ್ಬ ಗವರ್ನರ್ ಜನರಲ್. ಕೊನೆಯ ಮೇಲ್ಮನವಿ ಹೋಗುವುದು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ. ನಮ್ಮ ದೇಶವೂ 1947ರಿಂದ 1950ರ ಜನವರಿಯವರೆಗೆ ಡೊಮಿನಿಯನ್ನೇ ಆಗಿತ್ತು. ನಾವು ಎರಡೂವರೆ ವರ್ಷದಲ್ಲಿ ಅದನ್ನು ದಾಟಿದೆವು, ಸಿಲೋನಿಗೆ 24 ವರ್ಷ ಹಿಡಿಯಿತು.

ಆ ಹೊತ್ತಿಗೆ ಏಷ್ಯಾದಲ್ಲಿ ಸಿಲೋನಿನಷ್ಟು ಅನುಕೂಲವಾಗಿ ಹೊರಟ ಹೊಸ ದೇಶ ಇನ್ನೊಂದಿರಲಿಲ್ಲ ಎಂದರೆ ತಪ್ಪಾಗದು. ಹೆಂಗಸರೂ ಸೇರಿದಂತೆ ಎಲ್ಲ ವಯಸ್ಕರಿಗೆ ಅಲ್ಲಿ ಮತದಾನದ ಹಕ್ಕು ಬಂದದ್ದು 1931ರಲ್ಲಿ. ನಮ್ಮ ದೇಶದಲ್ಲಿ ಆಗ ಆಸ್ತಿ, ತೆರಿಗೆ ಇದ್ದವರಿಗಷ್ಟೇ ಮತ. 1945ರಲ್ಲಿ ಶಿಕ್ಷಣ ಸಚಿವ ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಶಿಕ್ಷಣವನ್ನು ಉಚಿತ ಮಾಡಿದರು. (ಅದರ ಮರು ಚುನಾವಣೆಯಲ್ಲೇ ಅವರು ಸೋತರು. ಶಾಲೆ ಕಟ್ಟಿದವರಿಗೆ ಮತ ಬೀಳುತ್ತದೆ ಎಂಬ ಖಾತ್ರಿ ಎಲ್ಲಿಯೂ ಇಲ್ಲ.) ಭಾರತದಲ್ಲಾದಂತೆ ವಿಭಜನೆಯ ರಕ್ತಪಾತ ಇಲ್ಲ, ಬರ್ಮಾದಂತೆ ಯುದ್ಧದಿಂದ ನೆಲಸಮವಾದ ನಗರಗಳಿಲ್ಲ. ಚಹಾ, ರಬ್ಬರ್, ತೆಂಗಿನಿಂದ ಬಂದ ಹಣ ಖಜಾನೆಯಲ್ಲಿತ್ತು. ಅಧಿಕಾರ ಕೈಬದಲಾದದ್ದು ಸಹಿ, ಹಸ್ತಲಾಘವಗಳ ನಡುವೆ.

ಇಷ್ಟೆಲ್ಲ ಇದ್ದೂ ಹತ್ತೇ ವರ್ಷದಲ್ಲಿ ಅಲ್ಲಿ ತುರ್ತುಪರಿಸ್ಥಿತಿ ಬಂತು, ನೂರಾರು ಜನ ಸತ್ತರು. ಇದು ಹೇಗಾಯಿತು ಎಂದು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಕಂಡದ್ದು ಒಂದು ಮತಪಟ್ಟಿ.

ಸಿಲೋನಿನ ಜನರಲ್ಲಿ ಹೆಚ್ಚಿನವರು ಸಿಂಹಳೀಯರು, ಬಹುಪಾಲು ಬೌದ್ಧರು. ಉತ್ತರದ ಜಾಫ್ನಾ ಮತ್ತು ಪೂರ್ವ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ ತಮಿಳರು. ಅಲ್ಲಲ್ಲಿ ಮುಸ್ಲಿಮರು. ಇವರಲ್ಲದೆ ನಡುವಿನ ಬೆಟ್ಟಸೀಮೆಯಲ್ಲಿ ಇನ್ನೊಂದು ತಮಿಳು ಸಮುದಾಯವಿತ್ತು. ಬ್ರಿಟಿಷರು ಕಾಫಿ ತೋಟ ಹಾಕಿದಾಗ ಮದರಾಸು ಪ್ರಾಂತದ ಬಡ ಹಳ್ಳಿಗಳಿಂದ ಕಂಗಾಣಿಗಳ ಮೂಲಕ ಕರೆತಂದ ಕೂಲಿಗಳು ಇವರು. 1869ರ ನಂತರ ಎಲೆ ತುಕ್ಕು ರೋಗ ಬಂದು ಅಲ್ಲಿನ ಕಾಫಿ ಸರ್ವನಾಶವಾಯಿತು. ಕೊಡಗಿನ ಕಾಫಿ ಬೆಳೆಗಾರರು ಇಂದಿಗೂ ಹೆದರುವ ಅದೇ ರೋಗ. ಕಾಫಿ ಹೋದ ಜಾಗಕ್ಕೆ ಚಹಾ ಬಂತು. ಕಾಫಿಗೆ ಹಣ್ಣು ಕೊಯ್ಯುವ ಕಾಲಕ್ಕೆ ಮಾತ್ರ ಜನ ಸಾಕು, ಚಹಾಕ್ಕೆ ವರ್ಷವಿಡೀ ಬೇಕು. ಹಾಗಾಗಿ ಬಂದುಹೋಗುತ್ತಿದ್ದ ಕೂಲಿಗಳು ಅಲ್ಲೇ ಸಾಲುಮನೆಗಳಲ್ಲಿ ನಿಂತರು. ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿದರು. 1946ರ ಜನಗಣತಿಯ ಹೊತ್ತಿಗೆ ಇವರು ಏಳೂಮುಕ್ಕಾಲು ಲಕ್ಷಕ್ಕೂ ಹೆಚ್ಚು, ಅಂದರೆ ದೇಶದ ಪ್ರತಿ ನೂರು ಜನರಲ್ಲಿ ಹನ್ನೊಂದು ಹನ್ನೆರಡು ಮಂದಿ. ದೇಶದ ರಫ್ತಿನ ದೊಡ್ಡ ಪಾಲು ಇವರ ಬೆರಳ ತುದಿಯಿಂದ ಬರುತ್ತಿತ್ತು.

ಬೆಟ್ಟಸೀಮೆಯ ಸಿಂಹಳ ರೈತನಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೂ ಕಾರಣವಿತ್ತು. 1840ರ ಬಂಜರು ಭೂಮಿ ಕಾನೂನಿನಿಂದ ಸರಕಾರ ಊರ ಸುತ್ತಲ ಕಾಡು, ಕುಮರಿ ನೆಲಗಳನ್ನು ತನ್ನದೆಂದು ಸಾರಿ ತೋಟದ ದೊರೆಗಳಿಗೆ ಮಾರಿತ್ತು. ಜಮೀನು ಕಳೆದುಕೊಂಡ ರೈತ ಕಣಿವೆಯಲ್ಲಿ ನಿಂತು ನೋಡಿದರೆ ಮೇಲೆ ಗುಡ್ಡದಲ್ಲಿ ಕಾಣುತ್ತಿದ್ದುದು ದೊರೆಯಲ್ಲ, ಕೂಲಿ. ಸಿಟ್ಟು ಯಾರ ಮೇಲೆ ತಿರುಗಿತೆಂದು ಬೇರೆ ಹೇಳಬೇಕಿಲ್ಲ.

1947ರಲ್ಲಿ ಸ್ವಾತಂತ್ರ್ಯದ ಹೊಸ್ತಿಲಲ್ಲಿ ಚುನಾವಣೆ ನಡೆಯಿತು. ಚುನಾಯಿತ ಸ್ಥಾನಗಳು 95. ಡಿ.ಎಸ್. ಸೇನಾನಾಯಕೆಯವರು ಹಿಂದಿನ ವರ್ಷವಷ್ಟೇ ಕಟ್ಟಿದ ಯುನೈಟೆಡ್ ನ್ಯಾಷನಲ್ ಪಾರ್ಟಿಗೆ ಬಂದದ್ದು 42. ಬಹುಮತ ಇಲ್ಲ, ಪಕ್ಷೇತರರನ್ನು ಕೂಡಿಸಿಕೊಂಡು ಸರಕಾರ ಮಾಡಿದರು. ಎದುರಿಗೆ ಎಡಪಕ್ಷಗಳು ಬಲವಾಗಿ ಎದ್ದು ಬಂದಿದ್ದವು. ತೋಟದ ಸೀಮೆಯಲ್ಲಿ ಸಿಲೋನ್ ಇಂಡಿಯನ್ ಕಾಂಗ್ರೆಸ್ ಗೆದ್ದಿತ್ತು. ನುವಾರ ಎಲಿಯದಿಂದ ಎಸ್. ತೊಂಡಮಾನ್ ಸಂಸತ್ತಿಗೆ ಬಂದಿದ್ದರು. ಇದಲ್ಲದೆ ಇನ್ನೂ ಹಲವು ಕ್ಷೇತ್ರಗಳಲ್ಲಿ ತೋಟದವರ ಮತ ಎಡಪಕ್ಷದ ಸಿಂಹಳ ಅಭ್ಯರ್ಥಿಗಳಿಗೆ ಬಿದ್ದಿತ್ತು. ಕೂಲಿಗಳು ಸಂಘ ಕಟ್ಟಿ ಮತ ಹಾಕಿದರೆ ಏನಾಗಬಹುದು ಎಂದು ಆಳುವವರಿಗೆ ಆ ಫಲಿತಾಂಶ ತೋರಿಸಿಕೊಟ್ಟಿತು.

ಸೇನಾನಾಯಕೆ ಕೆಟ್ಟ ಮನುಷ್ಯರಲ್ಲ. ಸ್ವಭಾವದಿಂದ ರೈತ. ಹಳೆಯ ಅರಸರ ಕೆರೆಗಳನ್ನು ದುರಸ್ತಿ ಮಾಡಿಸಿ ಒಣಸೀಮೆಗೆ ನೀರು ಕೊಡುವ ಕನಸು ಹೊತ್ತವರು. ಪೂರ್ವದ ಗಲ್ ಓಯ ಅಣೆಕಟ್ಟು ಅವರ ಕಾಲದ್ದು. ಎಲ್ಲ ಸಮುದಾಯಗಳ ಗಣ್ಯರನ್ನೂ ಮಂತ್ರಿಮಂಡಲದಲ್ಲಿ ಸೇರಿಸಿಕೊಂಡ ನಿಧಾನಿ. ಅಂಥವರ ಸರಕಾರವೇ ಸ್ವಾತಂತ್ರ್ಯ ಬಂದ ವರ್ಷವೇ ಪೌರತ್ವ ಕಾಯಿದೆ ತಂದಿತು. ಸಿಲೋನಿನಲ್ಲಿ ಹುಟ್ಟಿದರೆ ಸಾಲದು, ತಂದೆಯೂ ಅಲ್ಲೇ ಹುಟ್ಟಿರಬೇಕು, ಅದಕ್ಕೆ ದಾಖಲೆ ಬೇಕು. ತೋಟದ ಸಾಲುಮನೆಯಲ್ಲಿ ಹುಟ್ಟಿದ ಕೂಲಿಯ ಅಪ್ಪನ ಜನನವನ್ನು ಯಾರು ಬರೆದಿಟ್ಟಿದ್ದರು? ನಮ್ಮ ಅಜ್ಜಂದಿರ ಹುಟ್ಟಿದ ದಿನಾಂಕ ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ?

ಮರುವರ್ಷ ಇನ್ನೊಂದು ಕಾಯಿದೆ ಬಂತು. ಭಾರತ, ಪಾಕಿಸ್ತಾನ ಮೂಲದವರು ಇಷ್ಟು ವರ್ಷ ಎಡೆಬಿಡದೆ ಇಲ್ಲಿ ವಾಸವಿದ್ದರೆಂದು ತೋರಿಸಿದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂದಿತು ಅದು: ಮದುವೆಯಾದವರಿಗೆ ಏಳು ವರ್ಷ, ಆಗದವರಿಗೆ ಹತ್ತು. ಎಂಟು ಲಕ್ಷಕ್ಕೂ ಮಿಕ್ಕಿ ಜನ ಅರ್ಜಿಗಳಲ್ಲಿ ಹೆಸರು ಸೇರಿಸಿದರು. ವಿಚಾರಣೆ ಹತ್ತು ಹನ್ನೆರಡು ವರ್ಷ ಎಳೆಯಿತು. ಕೊನೆಗೆ ಒಪ್ಪಿಗೆಯಾದದ್ದು ಸುಮಾರು ಒಂದು ಲಕ್ಷ ಮೂವತ್ತು ಸಾವಿರ ಜನರದ್ದು. ಅಮ್ಮನನ್ನು ನೋಡಲು ಒಮ್ಮೆ ತಿರುಚ್ಚಿಗೆ ಹೋಗಿಬಂದವನ 'ಎಡೆಬಿಡದ ವಾಸ' ಮುರಿದುಬೀಳುತ್ತಿತ್ತು.

ಈ ಎರಡರ ಬೆನ್ನಿಗೇ 1949ರಲ್ಲಿ ಚುನಾವಣಾ ಕಾನೂನಿನ ತಿದ್ದುಪಡಿ. ಪೌರರಲ್ಲದವರಿಗೆ ಮತವಿಲ್ಲ. 1931ರಿಂದ ಮತ ಹಾಕಿಕೊಂಡು ಬಂದವರ ಹೆಸರು ಮತಪಟ್ಟಿಯಿಂದ ಹೋಯಿತು. 1952ರ ಚುನಾವಣೆ ಬಂದಾಗ ತೋಟದ ಸೀಮೆಯಿಂದ ಅವರ ಒಬ್ಬ ಪ್ರತಿನಿಧಿಯೂ ಗೆಲ್ಲಲಿಲ್ಲ. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕ್ಷೇತ್ರಗಳನ್ನು ವಿಂಗಡಿಸಿದ್ದು ಒಟ್ಟು ಜನಸಂಖ್ಯೆಯ ಮೇಲೆ, ತೋಟದವರನ್ನೂ ಎಣಿಸಿಕೊಂಡು. ತಲೆ ಎಣಿಕೆಗೆ ಅವರಿದ್ದರು, ಮತಪಟ್ಟಿಗೆ ಇರಲಿಲ್ಲ. ಅವರ ಲೆಕ್ಕದಿಂದ ಸಿಕ್ಕ ಸ್ಥಾನಗಳನ್ನು ಆರಿಸುವವರು ಅವರ ನೆರೆಯವರು.

ಸಂವಿಧಾನದ 29ನೆಯ ವಿಧಿಯಲ್ಲಿ ಒಂದು ಸಮುದಾಯಕ್ಕೆ ಮಾತ್ರ ತೊಂದರೆಯಾಗುವ ಕಾನೂನು ಮಾಡಕೂಡದು ಎಂದು ಬರೆದಿತ್ತು. ಆ ವಿಧಿಯನ್ನು ಹಿಡಿದು ಒಬ್ಬರು ಪ್ರಿವಿ ಕೌನ್ಸಿಲ್‌ವರೆಗೂ ಹೋದರು. ಕಾಯಿದೆಯಲ್ಲಿ ಯಾವ ಸಮುದಾಯದ ಹೆಸರೂ ಇರಲಿಲ್ಲವಲ್ಲ! ಪೌರತ್ವ ನಿರ್ಧರಿಸುವುದು ಸ್ವತಂತ್ರ ದೇಶದ ಹಕ್ಕು ಎಂದು 1953ರಲ್ಲಿ ತೀರ್ಪು ಬಂತು.

ಆ ದಿನ ಯಾರು ಮಾತಾಡಿದರು, ಯಾರು ಸುಮ್ಮನಿದ್ದರು ಎಂಬುದು ಮುಂದಿನ ಕಥೆಗೆ ಬೇಕು. ಲಂಕಾ ಸಮಸಮಾಜ ಪಕ್ಷದ ಎನ್.ಎಂ. ಪೆರೇರ ಮೊದಲಾದ ಎಡಪಕ್ಷದವರು ಸಂಸತ್ತಿನಲ್ಲಿ ವಿರೋಧಿಸಿದರು. ಜಾಫ್ನಾ ತಮಿಳರ ದೊಡ್ಡ ನಾಯಕ ಜಿ.ಜಿ. ಪೊನ್ನಂಬಲಂ 1948ರಲ್ಲೇ ಸೇನಾನಾಯಕೆ ಸಂಪುಟ ಸೇರಿ ಮಂತ್ರಿಯಾದರು. ಜಾಫ್ನಾದವರಿಗೂ ತೋಟದವರಿಗೂ ಭಾಷೆ ಒಂದೇ, ಆದರೆ ಅಂತಸ್ತು, ಜಾತಿಗಳ ಅಂತರ ಬಹಳ. ಅವರ ಪಕ್ಷದಲ್ಲೇ ಇದ್ದ ವಕೀಲ ಎಸ್.ಜೆ.ವಿ. ಚೆಲ್ವನಾಯಕಂ ಮಾತ್ರ ಒಪ್ಪಲಿಲ್ಲ. ಇಂದು ತೋಟದವರಿಗೆ ಆದದ್ದು ನಾಳೆ ನಮಗೂ ಆಗುತ್ತದೆ ಎಂದು ಹೊರಬಂದು 1949ರ ಕೊನೆಗೆ ಫೆಡರಲ್ ಪಕ್ಷ ಕಟ್ಟಿದರು. ಆಗ ಅವರ ಹಿಂದೆ ಹೆಚ್ಚು ಜನ ಇರಲಿಲ್ಲ. 1952ರ ಚುನಾವಣೆಯಲ್ಲಿ ಅವರೇ ಸೋತರು.

ಅದೇ ವರ್ಷ ಮಾರ್ಚಿಯಲ್ಲಿ ಸೇನಾನಾಯಕೆ ಕುದುರೆ ಸವಾರಿ ಮಾಡುವಾಗ ಬಿದ್ದು ತೀರಿಕೊಂಡರು. ಮಗ ಡಡ್ಲಿ ಪ್ರಧಾನಿಯಾಗಿ ಚುನಾವಣೆ ಗೆದ್ದರು. ಮರುವರ್ಷ ಪಡಿತರ ಅಕ್ಕಿಯ ಬೆಲೆಯನ್ನು ಒಂದು ಅಳತೆಗೆ 25 ಸೆಂಟ್‌ನಿಂದ 70ಕ್ಕೆ ಏರಿಸಿದ್ದಕ್ಕೆ ದೇಶವೇ ಬಂದ್ ಆಯಿತು, ಗೋಲಿಬಾರಾಯಿತು, ಡಡ್ಲಿ ರಾಜೀನಾಮೆ ಕೊಟ್ಟರು. ನೆಂಟರಾದ ಸರ್ ಜಾನ್ ಕೋಟೆಲಾವಲ ಬಂದರು. ಜನ ಆ ಪಕ್ಷದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು 'ಮಾವ ಅಳಿಯಂದಿರ ಪಕ್ಷ' ಎಂದು ಗೇಲಿ ಮಾಡುತ್ತಿದ್ದರು.

ಈ ನಡುವೆ 1951ರಲ್ಲಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಆಳುವ ಪಕ್ಷ ಬಿಟ್ಟು ಶ್ರೀಲಂಕಾ ಫ್ರೀಡಂ ಪಾರ್ಟಿ ಕಟ್ಟಿದ್ದರು. ದೊಡ್ಡ ಜಮೀನ್ದಾರಿ ಮನೆತನ, ಕ್ರೈಸ್ತ ಕುಟುಂಬ, ಆಕ್ಸ್‌ಫರ್ಡ್ ಓದು. ಸಿಂಹಳವನ್ನು ದೊಡ್ಡವರಾದ ಮೇಲೆ ಸರಿಯಾಗಿ ಕಲಿತವರು. 1926ರಲ್ಲಿ ಸಿಲೋನಿಗೆ ಒಕ್ಕೂಟ ವ್ಯವಸ್ಥೆಯೇ ತಕ್ಕದ್ದು ಎಂದು ವಾದಿಸಿದ್ದವರೂ ಇವರೇ. 1952ರಲ್ಲಿ ಇವರ ಪಕ್ಷ ಗೆದ್ದದ್ದು ಒಂಬತ್ತೇ ಸ್ಥಾನ. ಹಳ್ಳಿಗಳಲ್ಲಿ ಕುದಿಯುತ್ತಿದ್ದ ಒಂದು ಅತೃಪ್ತಿಯನ್ನು ಅವರು ಗುರುತಿಸಿದರು.

ಈ ಅತೃಪ್ತಿಯನ್ನು ನಾನು ಹಗುರವಾಗಿ ಕಾಣಲಾರೆ, ಶಾಲೆಯ ಸಂಚಿಕೆಯಲ್ಲಂತೂ ಸಾಧ್ಯವೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೂ ಸರಕಾರ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ನೂರಕ್ಕೆ ಹತ್ತು ಮಂದಿಗೂ ಆ ಭಾಷೆ ಬಾರದು. ಉಚಿತ ಶಿಕ್ಷಣದಿಂದ ಸಿಂಹಳ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿ ಹುಡುಗನಿಗೆ ಗುಮಾಸ್ತೆಯ ಕೆಲಸವೂ ಇಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟರೆ ಅದನ್ನು ಬರೆದುಕೊಳ್ಳುವ ಭಾಷೆ ಅವನಿಗೆ ಅರ್ಥವಾಗದು. ಸಿಂಹಳ ಶಾಲೆಯ ಮೇಷ್ಟ್ರಿಗೆ ಇಂಗ್ಲಿಷ್ ಶಾಲೆಯ ಮೇಷ್ಟ್ರಿಗಿಂತ ಕಡಿಮೆ ಸಂಬಳ. ಹಳ್ಳಿಯ ಆಯುರ್ವೇದ ವೈದ್ಯನಿಗೆ ಮರ್ಯಾದೆ ಇಲ್ಲ. ಬಂಡಾರನಾಯಕೆ ಭಿಕ್ಷುಗಳು, ವೈದ್ಯರು, ಮೇಷ್ಟ್ರುಗಳು, ರೈತರು, ಕಾರ್ಮಿಕರು ಎಂಬ ಐದು ಬಲಗಳನ್ನು ಒಟ್ಟುಗೂಡಿಸಿದರು. ಕನ್ನಡ ಮಾಧ್ಯಮದ ಸರಕಾರಿ ಶಾಲೆಯಲ್ಲಿ ಓದಿದ ನಮಗೆ ಆ ಮೇಷ್ಟ್ರ ನೋವು ಅರ್ಥವಾಗದ್ದೇನಲ್ಲ.

ಆದರೆ ಜಾಫ್ನಾದ ಹುಡುಗನಿಗೂ ಇದೇ ಕಷ್ಟವಿತ್ತು. ಅವನ ಭಾಷೆಗೂ ಸರಕಾರದಲ್ಲಿ ಜಾಗವಿರಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಹೆಚ್ಚಿನ ನಾಯಕರು ಹೇಳುತ್ತಿದ್ದುದು ಇಂಗ್ಲಿಷಿನ ಜಾಗಕ್ಕೆ ಸಿಂಹಳ, ತಮಿಳು ಎರಡೂ ಬರಬೇಕೆಂದು. ಎರಡು ಭಾಷೆ ಒಂದು ಭಾಷೆಯಾದದ್ದು ಚುನಾವಣೆಯ ಹರಾಜಿನಲ್ಲಿ. 1954ರಲ್ಲಿ ಕೋಟೆಲಾವಲ ಜಾಫ್ನಾಕ್ಕೆ ಹೋದಾಗ ಎರಡೂ ಭಾಷೆಗೆ ಸಮಾನ ಸ್ಥಾನ ಕೊಡುವ ಮಾತು ಕೊಟ್ಟರು. ದಕ್ಷಿಣದಲ್ಲಿ ಗದ್ದಲ ಎದ್ದಿತು. ಬಂಡಾರನಾಯಕೆ 'ಸಿಂಹಳ ಮಾತ್ರ' ಎಂಬ ಘೋಷಣೆ ಹಿಡಿದರು, ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ಜಾರಿ ಎಂದರು. ಹೆದರಿದ ಕೋಟೆಲಾವಲರ ಪಕ್ಷ 1956ರ ಫೆಬ್ರವರಿಯಲ್ಲಿ ಕೆಲನಿಯ ಅಧಿವೇಶನದಲ್ಲಿ ತಾನೂ 'ಸಿಂಹಳ ಮಾತ್ರ' ಎಂದಿತು. ಎರಡು ವರ್ಷದೊಳಗೆ ಪೂರಾ ಪಲ್ಟಿ. ಯಾರೂ ನಂಬಲಿಲ್ಲ. ಬುದ್ಧ ಪರಿನಿರ್ವಾಣದ 2500ನೆಯ ವರ್ಷದ ಉತ್ಸಾಹ ಬೇರೆ ಸೇರಿತ್ತು. ಏಪ್ರಿಲ್ ಚುನಾವಣೆಯಲ್ಲಿ ಬಂಡಾರನಾಯಕೆ ಕೂಟ 51 ಸ್ಥಾನ ಗೆದ್ದಿತು, ಆಳುತ್ತಿದ್ದ ಪಕ್ಷ ಎಂಟಕ್ಕೆ ಇಳಿಯಿತು. ಉತ್ತರ, ಪೂರ್ವದಲ್ಲಿ ಚೆಲ್ವನಾಯಕಂ ಪಕ್ಷ ಹತ್ತು ಗೆದ್ದಿತು. ನಾಲ್ಕು ವರ್ಷ ಹಿಂದೆ ಯಾರಿಗೂ ಬೇಡವಾಗಿದ್ದ ಅವರ ಮಾತು ಈಗ ಇಡೀ ತಮಿಳು ಸೀಮೆಯ ಮಾತಾಯಿತು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಬೆಟ್ಟಸೀಮೆಯ ತೋಟದವರ ಮತ ಉಳಿದಿದ್ದರೆ ಆ ಕ್ಷೇತ್ರಗಳಲ್ಲಿ ಸಿಂಹಳ ಪಕ್ಷಗಳೆರಡೂ ಅವರ ಮನೆ ಬಾಗಿಲಿಗೆ ಹೋಗಬೇಕಾಗಿತ್ತು. 'ಸಿಂಹಳ ಮಾತ್ರ' ಎಂದು ಅಲ್ಲಿ ಭಾಷಣ ಮಾಡಿ ಗೆಲ್ಲುವುದು ಸುಲಭವಿರಲಿಲ್ಲ. ಮತಪಟ್ಟಿಯಿಂದ ಅವರನ್ನು ಕಿತ್ತ ಮೇಲೆ ದ್ವೀಪದ ಮೂರನೇ ಎರಡು ಭಾಗದಲ್ಲಿ ಒಂದೇ ಸಮುದಾಯದ ಮತಕ್ಕೆ ಎರಡು ಪಕ್ಷಗಳ ಪೈಪೋಟಿ ನಡೆಯಿತು. ಒಬ್ಬನು ಒಂದು ಮೆಟ್ಟಿಲು ಏರಿದರೆ ಇನ್ನೊಬ್ಬನು ಎರಡು. ತಡೆಯುವ ಮತದಾರ ಇರಲಿಲ್ಲ. ಸೇನಾನಾಯಕೆ ತಮ್ಮ ಪಕ್ಷದ ಅನುಕೂಲಕ್ಕೆಂದು ತೆಗೆಸಿದ ಕಂಬ ಅವರ ಪಕ್ಷದ ಮಾಡಿಗೇ ಆಸರೆಯಾಗಿತ್ತೆಂಬುದು 1956ರಲ್ಲಿ ತಿಳಿಯಿತು. ಇತಿಹಾಸದಲ್ಲಿ 'ಹೀಗಾಗಿದ್ದರೆ' ಎಂದು ಹೇಳಬಾರದು ಎನ್ನುತ್ತಾರೆ. ನಾನಾದರೂ ಮಕ್ಕಳಿಗೆ ಹಾಗೆ ಕೇಳುವುದನ್ನು ಕಲಿಸಿದವನೇ.

ಮಸೂದೆ ಸಂಸತ್ತಿಗೆ ಬಂದದ್ದು 1956ರ ಜೂನ್ 5ರಂದು. ಕೊಲಂಬೊದ ಸಮುದ್ರ ತೀರದ ಗಾಲ್ ಫೇಸ್ ಮೈದಾನದಲ್ಲಿ ಫೆಡರಲ್ ಪಕ್ಷದವರು ಗಾಂಧೀಜಿಯ ದಾರಿಯಲ್ಲಿ ಸತ್ಯಾಗ್ರಹ ಕೂತರು. ಗುಂಪು ಬಂದು ಹೊಡೆಯಿತು, ಪೊಲೀಸರು ನೋಡುತ್ತ ನಿಂತರು. ಯುವ ಸದಸ್ಯ ಅಮಿರ್ದಲಿಂಗಂ ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡೇ ಸಭೆಗೆ ಬಂದರು. ಗಲ್ ಓಯದಲ್ಲಿ, ಸೇನಾನಾಯಕೆ ಕನಸಿನ ಆ ಅಣೆಕಟ್ಟಿನ ಬಯಲಲ್ಲೇ, ಗಲಭೆಯಾಗಿ ಜನ ಸತ್ತರು. ಸಭೆಯಲ್ಲಿ ಸಮಸಮಾಜ ಪಕ್ಷದ ಕಾಲ್ವಿನ್ ಆರ್. ಡಿ ಸಿಲ್ವ, ತಾವು ಸಿಂಹಳೀಯರಾಗಿದ್ದೂ, ಎರಡು ಭಾಷೆಗೆ ಜಾಗ ಕೊಟ್ಟರೆ ದೇಶ ಒಂದಾಗಿ ಉಳಿಯುತ್ತದೆ, ಒಂದಕ್ಕೇ ಕೊಟ್ಟರೆ ದೇಶ ಎರಡಾಗುತ್ತದೆ ಎಂಬರ್ಥದ ಎಚ್ಚರಿಕೆ ಕೊಟ್ಟರು. ಮಸೂದೆ ಪಾಸಾಯಿತು.

ಅದೇ ವರ್ಷದ ನವೆಂಬರ್ 1ಕ್ಕೆ ನಮ್ಮ ದಕ್ಷಿಣ ಕನ್ನಡ ಮದರಾಸು ರಾಜ್ಯದಿಂದ ಹೊರಬಂದು ವಿಶಾಲ ಮೈಸೂರಿಗೆ ಸೇರಿತು. ಭಾಷಾವಾರು ರಾಜ್ಯ ಕೊಟ್ಟರೆ ದೇಶ ಒಡೆಯುತ್ತದೆ ಎಂದು ದೆಹಲಿಯಲ್ಲೂ ಹೆದರಿದವರಿದ್ದರು. ಕಾಸರಗೋಡಿನ ಹುಣ್ಣು ಇನ್ನೂ ಮಾಯದಿದ್ದರೂ ದೇಶ ಒಡೆಯಲಿಲ್ಲ.

ಬಂಡಾರನಾಯಕೆಗೆ ತಾನು ಹತ್ತಿದ್ದು ಹುಲಿಯ ಬೆನ್ನು ಎಂದು ಬೇಗ ಗೊತ್ತಾಯಿತು. 1957ರ ಜುಲೈ 26ರಂದು ಅವರೂ ಚೆಲ್ವನಾಯಕಂ ಅವರೂ ಒಂದು ಒಪ್ಪಂದ ಮಾಡಿಕೊಂಡರು. ಪ್ರಾದೇಶಿಕ ಮಂಡಳಿಗಳು ಬರಲಿ, ಉತ್ತರ, ಪೂರ್ವದಲ್ಲಿ ಆಡಳಿತ ತಮಿಳಿನಲ್ಲಿ ನಡೆಯಲಿ, ತೋಟದವರ ಪೌರತ್ವದ ವಿಷಯವನ್ನೂ ಮತ್ತೆ ನೋಡೋಣ ಎಂದು. ಫೆಡರಲ್ ಪಕ್ಷ ಸತ್ಯಾಗ್ರಹ ಕೈಬಿಟ್ಟಿತು. ಇಬ್ಬರು ವಿವೇಕಿಗಳು ಎದುರುಬದುರು ಕೂತು ಮಾಡಿದ ಒಳ್ಳೆಯ ಕೆಲಸ ಅದು. ಆಗ ವಿರೋಧ ಪಕ್ಷದಲ್ಲಿದ್ದವರು ಜೆ.ಆರ್. ಜಯವರ್ಧನೆ. ದೇಶ ಮಾರಿದರು ಎಂದು ಕೂಗುತ್ತ ಅಕ್ಟೋಬರಿನಲ್ಲಿ ಕೊಲಂಬೊದಿಂದ ಕ್ಯಾಂಡಿಗೆ ಪಾದಯಾತ್ರೆ ಹೊರಟರು. ಇಂಬುಲ್‌ಗೋಡದಲ್ಲಿ ಅದನ್ನು ತಡೆದರೂ ಕೆಲಸ ಆಗಿಹೋಗಿತ್ತು. 1958ರ ಏಪ್ರಿಲ್ 9ರಂದು ಭಿಕ್ಷುಗಳು ಪ್ರಧಾನಿಯ ಮನೆಯ ಅಂಗಳದಲ್ಲಿ ಕೂತರು. ಒಪ್ಪಂದ ರದ್ದೆಂದು ಬರೆದುಕೊಡುವವರೆಗೆ ಏಳಲಿಲ್ಲ. ಬಂಡಾರನಾಯಕೆ ಬರೆದುಕೊಟ್ಟರು. ಮುಂದಿನ ತಿಂಗಳೇ ಗಲಭೆ, ತುರ್ತುಪರಿಸ್ಥಿತಿ. ಕೊಲಂಬೊದ ತಮಿಳು ನಿರಾಶ್ರಿತರನ್ನು ಹಡಗಿನಲ್ಲಿ ಜಾಫ್ನಾಕ್ಕೆ ಸಾಗಿಸಬೇಕಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಒಬ್ಬ ಭಿಕ್ಷುವಿನ ಗುಂಡಿಗೆ ಬಂಡಾರನಾಯಕೆ ಬಲಿಯಾದರು. ಅದರ ಸಂಚು ಹೂಡಿದವರು 1956ರಲ್ಲಿ ಅವರ ಪರ ಓಡಾಡಿ ಗೆಲ್ಲಿಸಿದ ಕೆಲನಿಯ ದೇವಾಲಯದ ಮುಖ್ಯಸ್ಥ.

1965ರಲ್ಲಿ ಪಾತ್ರ ಅದಲುಬದಲಾದವು. ಡಡ್ಲಿ ಸೇನಾನಾಯಕೆ ಅಧಿಕಾರಕ್ಕೆ ಬಂದು ಚೆಲ್ವನಾಯಕಂ ಜತೆ ಹೆಚ್ಚುಕಡಿಮೆ ಅದೇ ಒಪ್ಪಂದ ಮಾಡಿಕೊಂಡರು. ಈ ಸಲ ವಿರೋಧಿಸಿ ಬೀದಿಗಿಳಿದದ್ದು ಬಂಡಾರನಾಯಕೆ ಅವರ ಪಕ್ಷ. ಜತೆಗೆ ಸಮಸಮಾಜದವರು, ಕಮ್ಯುನಿಸ್ಟರೂ! 1968ರಲ್ಲಿ ಆ ಒಪ್ಪಂದವೂ ಬಿದ್ದುಹೋಯಿತು. ಕುರ್ಚಿಯಲ್ಲಿದ್ದವನಿಗೆ ವಿವೇಕ ಬರುತ್ತಿತ್ತು, ಆ ವಿವೇಕವನ್ನು ಮತವಾಗಿ ಮಾರ್ಪಡಿಸಲು ಹೊರಗಿದ್ದವನು ಬಿಡುತ್ತಿರಲಿಲ್ಲ. 1972ರ ಮೇ 22ರಂದು ಡೊಮಿನಿಯನ್ ಮುಗಿದು ಶ್ರೀಲಂಕಾ ಗಣರಾಜ್ಯ ಹುಟ್ಟಿದಾಗ ಹೊಸ ಸಂವಿಧಾನದಲ್ಲಿ ಸಿಂಹಳಕ್ಕೆ, ಬೌದ್ಧ ಧರ್ಮಕ್ಕೆ ಮೊದಲ ಸ್ಥಾನ ಸಿಕ್ಕಿತು. 29ನೆಯ ವಿಧಿ ಮಾಯವಾಯಿತು. ಆ ಸಂವಿಧಾನವನ್ನು ರೂಪಿಸಿದ ಮಂತ್ರಿ ಬೇರೆ ಯಾರೂ ಅಲ್ಲ, 1956ರಲ್ಲಿ ಎಚ್ಚರಿಸಿದ ಅದೇ ಕಾಲ್ವಿನ್ ಆರ್. ಡಿ ಸಿಲ್ವ. ಆಮೇಲಿನ ಯುದ್ಧದ ಕಥೆ ಎಲ್ಲರಿಗೂ ಗೊತ್ತು, ಅದು ಇಲ್ಲಿಗೆ ಬೇಡ.

ತೋಟದವರ ಕಡೆಗೆ ಬರೋಣ. ಸಿಲೋನ್ ಅವರನ್ನು ಭಾರತೀಯರು ಎಂದಿತು, ಭಾರತ ಸಿಲೋನಿನವರು ಎಂದಿತು. ನೆಹರೂ ಇರುವ ತನಕ ಈ ಜಗ್ಗಾಟ ಹೀಗೇ ಇತ್ತು. ಅವರು ತೀರಿಕೊಂಡ ವರ್ಷವೇ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ದೆಹಲಿಯಲ್ಲಿ ಸಹಿ ಹಾಕಿದರು. ಒಟ್ಟು 9,75,000 ಜನ. ಅವರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಜನರ ಬಗ್ಗೆ ಆಮೇಲೆ ಮಾತು. ಹತ್ತು ವರ್ಷದ ಬಳಿಕ ಇಂದಿರಾ ಗಾಂಧಿಯವರ ಕಾಲದಲ್ಲಿ ಆ ಉಳಿದವರನ್ನೂ ಅರ್ಧರ್ಧ ಹಂಚಿಕೊಂಡರು. ಅಡಿಕೆ ರಾಶಿಯನ್ನು ಪಾಲು ಮಾಡಿದಂತೆ ಸರಿಯಾದ ಸಂಖ್ಯೆಗಳು. ಆ ಜನರನ್ನು ಯಾರೂ ಕೇಳಲಿಲ್ಲ. ತೊಂಡಮಾನ್ ವಿರೋಧಿಸಿದರು, ಆದರೆ ಮತವಿಲ್ಲದ ಜನರ ನಾಯಕನ ಮಾತಿಗೆ ಎಷ್ಟು ತೂಕ?

ತಲೈಮನ್ನಾರಿನಿಂದ ರಾಮೇಶ್ವರಕ್ಕೆ 'ರಾಮಾನುಜಂ' ಎಂಬ ಹಡಗು. ಇಳಿದ ಮೇಲೆ ಮಂಡಪಂ ಶಿಬಿರ. ಅಲ್ಲಿಂದ ಕೆಲವರು ನೀಲಗಿರಿಯ ಚಹಾ ತೋಟಗಳಿಗೆ, ಕೆಲವರು ಕೇರಳದ ಪುನಲೂರು ಕಡೆಯ ರಬ್ಬರಿಗೆ, ಕೆಲವರು ಆಂಧ್ರದ ನೂಲಿನ ಗಿರಣಿಗಳಿಗೆ, ಕೆಲವರು ನಮ್ಮ ಸುಳ್ಯ, ಪುತ್ತೂರಿಗೆ. ಚಹಾ ಚಿಗುರು ಚಿವುಟುತ್ತಿದ್ದ ಕೈ ರಬ್ಬರಿನ ಚೂರಿ ಹಿಡಿಯಿತು. ಇವರಲ್ಲಿ ಬಹಳಷ್ಟು ಜನ ಭಾರತವನ್ನು ಮೊದಲು ಕಂಡದ್ದೇ ಆ ಹಡಗಿನಿಂದ ಇಳಿದಾಗ. 'ವಾಪಸಾದವರು' ಎಂಬ ಸರಕಾರಿ ಶಬ್ದ ನನಗೆ ಎಂದೂ ಸರಿಯೆನಿಸಿಲ್ಲ.

ಅವರ ಮಕ್ಕಳು ನಮ್ಮ ಶಾಲೆಗೆ ಬಂದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಆರು ತಿಂಗಳಲ್ಲಿ ಕಾಗುಣಿತ ಕಲಿತು ಊರಿನ ಮಕ್ಕಳಿಗಿಂತ ಅಂದವಾಗಿ ಬರೆದವರಿದ್ದಾರೆ. ಕಬಡ್ಡಿಯಲ್ಲಿ ಶಾಲೆಗೆ ಶೀಲ್ಡು ತಂದವರಿದ್ದಾರೆ. ಅಡಚಣೆ ಬರುತ್ತಿದ್ದುದು ಕಾಗದದಲ್ಲಿ. ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ ಬೇಕು, ಅದಕ್ಕೆ ಮೂಲ ಊರಿನ ದಾಖಲೆ ಬೇಕು. ಅಜ್ಜ ತಿರುಚ್ಚಿಯ ಕಡೆಯವನು, ಅಪ್ಪ ಹ್ಯಾಟನ್‌ನಲ್ಲಿ ಹುಟ್ಟಿದವನು, ಮಗ ಸುಳ್ಯದವನು. ಕಚೇರಿಯೊಂದರ ಕಿಟಕಿಯಲ್ಲಿ ಇದನ್ನು ವಿವರಿಸಲು ನಾನೂ ಕೆಲವು ಬಾರಿ ಹೋಗಿದ್ದೇನೆ. ಅಪ್ಪನ ಜನನದ ದಾಖಲೆ ತನ್ನಿ ಎಂದರು. 1948ರಲ್ಲಿ ಕೊಲಂಬೊದಲ್ಲಿ ಕೇಳಿದ್ದೂ ಅದನ್ನೇ. ಕೆಲವರಿಗೆ ಪತ್ರ ಸಿಕ್ಕಿತು. ಸಿಗದೆ ಹತ್ತನೇ ತರಗತಿಗೇ ಓದು ನಿಲ್ಲಿಸಿ ತೋಟಕ್ಕೆ ಹೋದವರೂ ಇದ್ದಾರೆ. ಈ ಸಂಚಿಕೆ ಅವರ ಕೈಗೂ ತಲುಪುತ್ತದೆ ಎಂದುಕೊಂಡಿದ್ದೇನೆ.

ಅಲ್ಲೇ ಉಳಿದವರಿಗೆ ಪೌರತ್ವ ಸಿಗುತ್ತ ಹೋದಂತೆ ಮತವೂ ಬಂತು, ಮತದ ಹಿಂದೆಯೇ ಪಕ್ಷಗಳೂ ಬಂದವು. 1977ರಲ್ಲಿ ತೊಂಡಮಾನ್ ಮೂವತ್ತು ವರ್ಷದ ನಂತರ ಮತ್ತೆ ನುವಾರ ಎಲಿಯ ಸೀಮೆಯಿಂದ ಗೆದ್ದರು. ಮರುವರ್ಷ ಅವರನ್ನು ಕರೆದು ಸಂಪುಟ ಸಚಿವನನ್ನಾಗಿ ಮಾಡಿದವರು ಕ್ಯಾಂಡಿಗೆ ಪಾದಯಾತ್ರೆ ಹೊರಟಿದ್ದ ಅದೇ ಜಯವರ್ಧನೆ. ಹಡಗು 1984ರಲ್ಲಿ ನಿಂತಿತು. ಹೋಗಬೇಕೆಂದು ಪಟ್ಟಿಯಲ್ಲಿ ಹೆಸರಿದ್ದೂ ಹೋಗಲಾಗದೆ ಅತ್ತ ಇತ್ತ ಎಲ್ಲಿಯೂ ಸಲ್ಲದೆ ಉಳಿದವರು ಮತ್ತೂ ಕಾದರು. ಅವರಿಗಾಗಿ 2003ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಸಂಸತ್ತು ಇನ್ನೊಂದು ಕಾಯಿದೆ ಮಾಡಿತು. ಸುಮಾರು 1,68,000 ಜನ ಅದರ ಕೆಳಗೆ ಪೌರರಾಗುವಂತಾಯಿತು. ಹಿಂದೆ ಇದೇ ವಿಷಯಕ್ಕೆ ಕಚ್ಚಾಡಿದ್ದ ಎರಡೂ ದೊಡ್ಡ ಪಕ್ಷಗಳು ಈ ಸಲ ಒಂದಾಗಿ ಕೈ ಎತ್ತಿದವು.